ತಕ್ಷಣ ಬೇಯುವ ಪೊಲೆಂಟಾ: ಚೀಸ್ ಪದರಗಳ ನಡುವೆ ಒಂದು ಪರೀಕ್ಷೆ

ಮೆಕ್ಕೆಜೋಳದ ತರಿಯನ್ನು ಗಟ್ಟಿಯಾಗಿ ಬೇಯಿಸಿ, ಆರಿಸಿ, ಹೋಳು ಮಾಡಿ, ಚೀಸ್‌ನೊಂದಿಗೆ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿಡುವ ಉತ್ತರ ಇಟಲಿಯ ಪೊಲೆಂಟಾ ಪಾಸ್ತಿಚ್ಚಾತಾಕ್ಕೆ ಈ ಬಾರಿ 5 ನಿಮಿಷದಲ್ಲಿ ಬೇಯುವ ಪೊಟ್ಟಣವನ್ನು ಬಳಸಿ ನೋಡಿದೆ. ಮಾಮೂಲಿ ತರಿಯಾದರೆ 40–45 ನಿಮಿಷ ತಿರುವುತ್ತಾ ನಿಲ್ಲಬೇಕು. ಇದು ಮೊದಲೇ ಬೇಯಿಸಿ ಒಣಗಿಸಿದ್ದಾದ್ದರಿಂದ ಆ ಶ್ರಮ ಉಳಿಯುತ್ತದೆ.

ಆದರೆ ಪೊಟ್ಟಣದ ಮೇಲೆ ಸೂಚಿಸಿದಷ್ಟು ನೀರು ಹಾಕಿದ ಮೊದಲ ಸಲ ಅದು ಸರಿಯಾಗಿ ಗಟ್ಟಿಯಾಗದೆ, ಚಾಕು ತಾಗಿದೊಡನೆ ಹೋಳಿನ ಅಂಚು ಕುಸಿಯಿತು. ಎರಡನೆಯ ಸಲ ಒಂದು ಅಳತೆ ತರಿಗೆ ಮೂರೇ ಅಳತೆ ನೀರು ಹಾಕಿ, ತಟ್ಟೆಯಲ್ಲಿ ಬೆರಳು ದಪ್ಪಕ್ಕೆ ಹರಡಿ, ಪೂರ್ತಿ ತಣಿಸಿದ ಮೇಲೆ ಹೋಳುಗಳು ಅಚ್ಚುಕಟ್ಟಾಗಿ ಎದ್ದವು. ನಡುವೆ ಸುಲಭವಾಗಿ ಕರಗುವ ಫೊಂಟಿನಾ ಚೀಸ್, ಮೇಲೆ ತುರಿದ ಪಾರ್ಮೆಸಾನ್ ಹಾಗೂ ಬೆಣ್ಣೆಯ ತುಣುಕುಗಳನ್ನಿಟ್ಟು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಬೇಯಿಸಿದಾಗ, ಪಾತ್ರೆಯ ಅಂಚಿನಲ್ಲಿ ಚೀಸ್ ಗುಳ್ಳೆಯೆದ್ದು ಗರಿಗರಿಯಾದ ಕಂದು ಚಕ್ಕೆಯಾಯಿತು. ಬಡಿಸುವ ಮೊದಲೇ ಅದನ್ನು ನಾನು ಕಿತ್ತು ತಿಂದದ್ದನ್ನು ಒಪ್ಪಿಕೊಳ್ಳಬೇಕು.

ದಪ್ಪ ತರಿಯಲ್ಲಿರುವ ಜೋಳದ ಸಿಹಿಘಮ ಇದರಲ್ಲಿಲ್ಲ. ಬರಿದೇ ತಿನ್ನಲು ಇದು ಸಪ್ಪೆ. ಚೀಸ್‌ನ ಕೆಳಗೆ ಮಾತ್ರ ಆ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ.