ಡಿಸ್ಕ್ ಬ್ರೇಕ್ ತೂಕ ಇಳಿಸಿದೆ: 190 ಗ್ರಾಂ ಹೋಯಿತು, ಒಂದು ರೋಟರ್ ಮೇಲಿನ ಸಿಟ್ಟು ಹೋಗಿಲ್ಲ

ಸೈಕಲ್ಲಿನಲ್ಲಿ ವೈರ್ ಎಳೆಯುವ ಡಿಸ್ಕ್ ಬ್ರೇಕಿನ ತೂಕ ಇಳಿಸಬೇಕು ಅಂತ ಯಾರ ಹತ್ತಿರ ಹೇಳಿದರೂ ಒಂದೇ ಉತ್ತರ. "ಸುಮ್ನೆ ಹೈಡ್ರಾಲಿಕ್ ಹಾಕ್ಸು ಗುರು." ಸರಿ, ವೈರ್ ಬದಲು ಆಯಿಲ್ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಚೆನ್ನಾಗಿರುತ್ತದೆ, ಒಪ್ಪೋಣ. ಆದರೆ ನನಗೆ ವೈರ್ ಬ್ರೇಕೇ ಬೇಕು. ನಂಜನಗೂಡಿನ ಕಡೆ ಹೋದಾಗ ವೈರ್ ತುಂಡಾದರೆ ಯಾವ ಸೈಕಲ್ ಶಾಪಿನಲ್ಲಾದರೂ ಏನಾದರೊಂದು ದಾರಿ ಸಿಗುತ್ತದೆ. ಆಯಿಲ್ ಸೋರಿದರೆ ಅಲ್ಲಿ ಒಳಗಿನ ಗಾಳಿ ತೆಗೆದು ಬ್ಲೀಡ್ ಮಾಡಿಕೊಡೋರು ಯಾರು?

ತೂಕದ ಚಿಂತೆ ಯಾಕೆ ಅಂತ ಕೇಳಬಹುದು. ನಾನೇನು ರೇಸ್ ಓಡಿಸುವವನಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಮೂರನೇ ಮಹಡಿ ಮನೆ, ಲಿಫ್ಟ್ ಇಲ್ಲ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಿಂದ ಸಂಜೆ ಬಂದು ಸೈಕಲ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಬೇಕು. ಟೈರು, ಸೀಟು, ಸ್ಟ್ಯಾಂಡು ಎಲ್ಲ ಮುಗಿದ ಮೇಲೆ ಕಣ್ಣು ಬಿದ್ದಿದ್ದು ಬ್ರೇಕ್ ಮೇಲೆ. ಕಂಪನಿಯಿಂದ ಬಂದ ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕ್ ಹಿಡಿಯುವ ಭಾಗ) ಬಿಚ್ಚಿ ಅಡುಗೆಮನೆ ತಕ್ಕಡಿಯಲ್ಲಿಟ್ಟರೆ ಒಂದೊಂದೂ 200 ಗ್ರಾಂ. ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ಡಿಸ್ಕ್, ತಲಾ 145.

ಕ್ಯಾಲಿಪರ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಅಲ್ಲಿ ದೂರು ಏನೂ ಇಲ್ಲ. ಟಿಆರ್‌ಪಿ ಕಂಪನಿಯ ಸ್ಪೈರ್ ಹಾಕಿಸಿದೆ. ಒಂದಕ್ಕೆ ಸುಮಾರು 155 ಗ್ರಾಂ. ಎರಡೂ ಸೇರಿ 90 ಗ್ರಾಂ ಉಳಿಯಿತು. ಹಳೆಯದರಲ್ಲಿ ಒಂದೇ ಕಡೆಯ ಪ್ಯಾಡ್ ಮುಂದೆ ಬಂದು ಡಿಸ್ಕನ್ನು ಬಗ್ಗಿಸಿ ಆಚೆ ಕಡೆಯ ಪ್ಯಾಡಿಗೆ ಒತ್ತುತ್ತಿತ್ತು. ಇದರಲ್ಲಿ ಎರಡೂ ಪ್ಯಾಡ್ ಒಟ್ಟಿಗೆ ಬಂದು ಹಿಡಿಯುತ್ತವೆ. ಪ್ಯಾಡ್ ಕೂಡ ಶಿಮಾನೋದ ಹಳೇ ಮಾಡೆಲ್‌ಗಳಿಗೆ ಹಾಕುವ ಬಿ01ಎಸ್ ಆಕಾರದ್ದೇ, ಹಾಗಾಗಿ ಹುಡುಕಾಡಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಸ್ಪೈರ್ ಮಾಡಿರುವುದು ಕಡಿಮೆ ವೈರ್ ಎಳೆಯುವ ರೋಡ್ ಬೈಕ್ ಲಿವರ್‌ಗೆ. ನಮ್ಮ ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್‌ಗಳಲ್ಲಿ ಬರುವ ವಿ-ಬ್ರೇಕ್ (ಉದ್ದ ತೋಳುಗಳಿಂದ ರಿಮ್ ಹಿಡಿಯುವ ಬ್ರೇಕ್) ಥರದ ಲಿವರ್ ಜಾಸ್ತಿ ವೈರ್ ಎಳೆಯುತ್ತದೆ, ಆದರೆ ಕಡಿಮೆ ಬಲದಿಂದ. ಅದೇ ಲಿವರ್ ಇಟ್ಟುಕೊಂಡರೆ ಕೈಗೆ ಗಟ್ಟಿ ಅನಿಸುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಲಿವರ್ ಬದಲಿಸಿ, ಇಲ್ಲವೇ ಅದೇ ಕಂಪನಿಯ ಸ್ಪೈಕ್ ತಗೊಳ್ಳಿ. ಅದು ವಿ-ಬ್ರೇಕ್ ಲಿವರ್‌ಗೆ ಹೊಂದುತ್ತದೆ, ಆದರೆ ತೂಕ ಜಾಸ್ತಿ. ನಾನು ನೇರ ಹ್ಯಾಂಡಲ್‌ಗೆ ಕೂರುವ, ಕಡಿಮೆ ವೈರ್ ಎಳೆಯುವ ಲಿವರ್ ಜೋಡಿ ಹುಡುಕಿದೆ. ಅಲ್ಲೂ 10 ಗ್ರಾಂ ಹೋಯಿತು.

ಹಿಂದಿನ ಚಕ್ರ ಇನ್ನೂ ಸುಲಭ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಹಿಂದಿನದಕ್ಕೆ 160 ಎಂಎಂ ಡಿಸ್ಕ್ ಯಾಕೆ ಅಲ್ವಾ? ನನ್ನ ಫ್ರೇಮಿಗೆ ನೇರವಾಗಿ ಕೂರುವುದು 140. ಕಂಪನಿಯವರು ಫ್ರೇಮಿಗೂ ಕ್ಯಾಲಿಪರ್‌ಗೂ ನಡುವೆ ಅಡಾಪ್ಟರ್ ಇಟ್ಟು 160 ಹಾಕಿದ್ದರು. ಅಡಾಪ್ಟರ್ ತೆಗೆದರೆ 30 ಗ್ರಾಂ, ಸಣ್ಣ ರೋಟರ್ ಹಾಕಿದರೆ ಇನ್ನೊಂದು 40. ಈ ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ತೂಕ ಇಳಿದಿದ್ದು ಇಲ್ಲೇ. ನಿಮ್ಮ ಫ್ರೇಮಿನಲ್ಲಿ ಅಡಾಪ್ಟರ್ ಇದೆಯಾ ಅಂತ ಮೊದಲು ಬಗ್ಗಿ ನೋಡಿ. ಕೆಲವು ಫ್ರೇಮ್‌ಗಳಿಗೆ 160 ನೇರವಾಗಿಯೇ ಕೂರುತ್ತದೆ, ಅವಕ್ಕೆ ಈ ದಾರಿ ಇಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಈ ವಿಮರ್ಶೆ ಬರೆಯುವ ಅಗತ್ಯವೇ ಇರಲಿಲ್ಲ.

ಮುಂದಿನ ಚಕ್ರಕ್ಕೆ ಒಂದು 'ಸೂಪರ್ ಲೈಟ್' ರೋಟರ್ ಬಂತು. ಕಂಪನಿ ಹೆಸರು ಬೇಡ. 160 ಎಂಎಂ, 90 ಗ್ರಾಂ. ನೋಡೋಕೆ ಏನು ಚೆಂದ ಅಂತೀರಿ, ರಂಗೋಲಿ ಬಿಟ್ಟ ಹಾಗೆ ತುಂಬಾ ತೂತು. ಒಂದೇ ಏಟಿಗೆ 55 ಗ್ರಾಂ ಕಡಿಮೆ. ಬಿಗಿದುಕೊಟ್ಟ ಮೆಕ್ಯಾನಿಕ್ ಮಾತ್ರ ಕೈಯಲ್ಲಿ ತಿರುಗಿಸಿ ನೋಡಿ, "ಸಾರ್, ತೂತು ಜಾಸ್ತಿ ಅಂದ್ರೆ ಉಕ್ಕು ಕಮ್ಮಿ, ಅಷ್ಟೇ ತಾನೆ?" ಅಂದರು.

ಊರೊಳಗೆ ಓಡಾಡುವಾಗ ಪರವಾಗಿರಲಿಲ್ಲ. ಬ್ರೇಕ್ ಹಿಡಿದರೆ 'ಗುಂಯ್' ಅಂತ ಒಂದು ಸದ್ದು ಫೋರ್ಕ್ ಮೇಲಿಂದ ಹ್ಯಾಂಡಲ್‌ವರೆಗೂ ಬರುತ್ತಿತ್ತು. ತೂತಿನ ಅಂಚುಗಳು ಪ್ಯಾಡನ್ನು ತುರಿಯುತ್ತಿದ್ದವು. ಕ್ಯಾಲಿಪರ್ ಒಳಗೆಲ್ಲ ಕಪ್ಪು ಪುಡಿ. ಅದನ್ನೂ ಸಹಿಸಿಕೊಂಡೆ.

ಚಾಮುಂಡಿ ಬೆಟ್ಟ ಇಳಿದಾಗ ಅದರ ಬಣ್ಣ ಬಯಲಾಯಿತು, ನಿಜವಾಗಲೂ ಬಣ್ಣ. ಬೆಟ್ಟ ಸಮುದ್ರಮಟ್ಟದಿಂದ 1,060 ಮೀಟರ್ ಆಸುಪಾಸು, ಮೈಸೂರು 770ರ ಹತ್ತಿರ. ಸುಮಾರು 300 ಮೀಟರ್ ಇಳಿಜಾರು. ಎದುರಿಗೆ ಬಸ್ಸು, ತಿರುವಿನಲ್ಲಿ ಸೆಲ್ಫಿ ತೆಗೆಯೋರು, ರಸ್ತೆ ಮಧ್ಯೆ ಕೋತಿ. ಬ್ರೇಕ್ ಬಿಟ್ಟು ಹರಿಯಬಿಡುವ ಜಾಗವಲ್ಲ. ಅರ್ಧ ಇಳಿಯುವಷ್ಟರಲ್ಲಿ ಲಿವರ್ ಬೆರಳಿಗೆ ಡುಬ್ ಡುಬ್ ಅಂತ ಹೊಡೆಯೋಕೆ ಶುರು ಮಾಡಿತು. ಕೆಳಗೆ ಬಂದು ನೋಡಿದರೆ ಡಿಸ್ಕ್ ಅಂಚಿನಲ್ಲಿ ಕಂದು-ನೀಲಿ ಛಾಯೆ. ಚಕ್ರ ತಿರುಗಿಸಿದರೆ ಒಂದು ಕಡೆ ಪ್ಯಾಡಿಗೆ ತಾಗಿ 'ಚರ್ರ್' ಅನ್ನುತ್ತಿತ್ತು. ಬಾಗಿಹೋಗಿತ್ತು.

ಇದರಲ್ಲಿ ಆಶ್ಚರ್ಯ ಏನಿಲ್ಲ. ವೇಗವನ್ನು ಶಾಖ ಮಾಡುವುದೇ ಬ್ರೇಕಿನ ಕೆಲಸ. ಆ ಶಾಖ ಮೊದಲು ಸೇರುವುದು ಡಿಸ್ಕಿನ ಉಕ್ಕಿಗೆ. ಗಾಳಿಗೆ ಹೋಗುವ ಪಾಲು ಬಿಟ್ಟು ಲೆಕ್ಕ ಹಾಕಿದರೆ, 145 ಗ್ರಾಂ ಉಕ್ಕನ್ನು 70 ಡಿಗ್ರಿ ಏರಿಸುವ ಶಾಖ 90 ಗ್ರಾಂ ಉಕ್ಕನ್ನು 110 ಡಿಗ್ರಿಗಿಂತ ಮೇಲೆ ಏರಿಸುತ್ತದೆ. ನನ್ನ ತೂಕ 82 ಕೆಜಿ. ಪೊಟ್ಟಣದ ಮೇಲೆ 'ಟೆಸ್ಟೆಡ್' ಅಂತ ದಪ್ಪ ಅಕ್ಷರದಲ್ಲಿತ್ತು, ಎಷ್ಟು ಕೆಜಿ ಸವಾರನಿಗೆ ಅಂತ ಎಲ್ಲೂ ಇರಲಿಲ್ಲ. ಮಾರಿದವರಿಗೆ ಫೋಟೋ ಕಳಿಸಿದೆ. "ಬ್ರೇಕ್ ಜಾಸ್ತಿ ಹಿಡಿದಿದ್ದೀರಿ ಸರ್" ಅಂತ ಉತ್ತರ ಬಂತು. ಬ್ರೇಕ್ ಇರೋದು ಮತ್ತೆ ಯಾತಕ್ಕೆ?

ಹಳೆಯ 145 ಗ್ರಾಂ ರೋಟರನ್ನೇ ಮುಂದಕ್ಕೆ ವಾಪಸ್ ಹಾಕಿಸಿದೆ. ಅದು ಸವೆದ ಮೇಲೆ ಈಗ ಶಿಮಾನೋ ಆರ್‌ಟಿ56 ಇದೆ. ಹೆಚ್ಚುಕಮ್ಮಿ ಅಷ್ಟೇ ತೂಕ. ಬೆಟ್ಟದಿಂದ ಇಳಿದರೂ ಸದ್ದಿಲ್ಲ.

ಈಗ ಖುಷಿಯ ಭಾಗ. ಇದನ್ನು ನಾನು ತೂಕದ ಲೆಕ್ಕಕ್ಕೇ ಸೇರಿಸಿರಲಿಲ್ಲ. ಕಂಪನಿಯಿಂದ ಬಂದ ಔಟರ್ (ಬ್ರೇಕ್ ವೈರ್ ಓಡುವ ಹೊರಕವಚ) ಹ್ಯಾಂಡಲ್ ಮುಂದೆ ದೊಡ್ಡ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಹೇಗೂ ಬಿಚ್ಚಿದ್ದೀವಿ ಅಂತ ಅದನ್ನೂ ಬದಲಿಸಿದೆ. ಮಾಮೂಲಿ ಬ್ರೇಕ್ ಔಟರ್ ಒಳಗೆ ಸ್ಪ್ರಿಂಗ್ ಥರ ಸುತ್ತಿದ ತಂತಿ ಇರುತ್ತದೆ. ಲಿವರ್ ಒತ್ತಿದಾಗ ಆ ಸುತ್ತುಗಳು ಸ್ವಲ್ಪ ಅಮುಕಿಕೊಳ್ಳುತ್ತವೆ, ನಮ್ಮ ಕೈಬಲ ಅಲ್ಲೇ ಸೋರಿಹೋಗುತ್ತದೆ. ಕಂಪ್ರೆಷನ್‌ಲೆಸ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ಇರುತ್ತವೆ, ಮೇಲೆ ಬಲವಾದ ಹೆಣಿಗೆಯ ಪದರ. ಅದು ಅಮುಕುವುದಿಲ್ಲ. ನಾನು ಹಾಕಿದ್ದು ಜಾಗ್‌ವೈರ್ ಕಂಪನಿಯದು. ಹಾಂ, ಗೇರ್ ಔಟರ್ ಒಳಗೂ ಉದ್ದ ತಂತಿಯೇ, ನೋಡೋಕೆ ಒಂದೇ ಥರ. ಅದನ್ನು ಮಾತ್ರ ಬ್ರೇಕ್‌ಗೆ ಹಾಕಬೇಡಿ. ಜೋರಾಗಿ ಹಿಡಿದಾಗ ಒಡೆದುಹೋಗಬಹುದು.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಳೆತ ಬರದಷ್ಟು ಬಿಟ್ಟು, ಮಿಕ್ಕಿದ್ದನ್ನು ಕತ್ತರಿಸಿದ್ದಕ್ಕೆ 20 ಗ್ರಾಂ ಉಳಿಯಿತು. ಆದರೆ ಗ್ರಾಂ ಯಾರಿಗೆ ಬೇಕು! ಮೊದಲ ಸಲ ಲಿವರ್ ಒತ್ತಿದಾಗ ಬೇರೆ ಸೈಕಲ್ ಹತ್ತಿದೆನಾ ಅನಿಸಿತು. ಮೊದಲು ಸ್ಪಂಜ್ ಒತ್ತಿದ ಹಾಗಿದ್ದದ್ದು ಈಗ ಒಂದು ಜಾಗದಲ್ಲಿ 'ಟಕ್' ಅಂತ ನಿಲ್ಲುತ್ತದೆ. ಹಂಪ್ ಮುಂದೆ ಎರಡು ಬೆರಳು ಸಾಕು. ಬೇಕಾದಷ್ಟೇ ಹಿಡಿಯಬಹುದು.

ಈ ಬ್ರೇಕಿಗೆ ವಾರಕ್ಕೊಮ್ಮೆ ಸೇವೆ ಆಗಬೇಕು, ಅದೂ ನನಗೆ ಇಷ್ಟ. ಭಾನುವಾರ ಕಾಫಿ ಆದಮೇಲೆ ಸೈಕಲ್ ಬಾಲ್ಕನಿಗೆ ತರುತ್ತೇನೆ. ಕ್ಯಾಲಿಪರ್ ಹಿಂದೆ ಒಂದು ಬಿಳಿ ಕಾಗದ ಹಿಡಿದರೆ ಡಿಸ್ಕಿನ ಎರಡೂ ಬದಿ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಒಂದು ಕಡೆ ಜಾಸ್ತಿ ಕಂಡರೆ ಆ ಕಡೆಯ ಪ್ಯಾಡನ್ನು ಅಲೆನ್ ಕೀಯಿಂದ ತುಸು ಒಳಗೆ ತಿರುಗಿಸುತ್ತೇನೆ. ಪ್ಯಾಡ್ ಸವೆದಿದ್ದನ್ನು ಲಿವರ್ ಹತ್ತಿರದ ಬ್ಯಾರೆಲ್ ತಿರುಗಿಸಿ ಸರಿ ಮಾಡೋರು ಬಹಳ ಜನ. ಹಾಗೆ ಮಾಡಿದರೆ ಕ್ಯಾಲಿಪರ್ ತೋಳು ಮೊದಲೇ ಅರ್ಧ ಎಳೆದು ನಿಂತಿರುತ್ತದೆ, ಹಿಡಿತ ಕಡಿಮೆ ಆಗುತ್ತದೆ. ಬ್ಯಾರೆಲ್ ಇರುವುದು ವೈರ್ ಹಿಗ್ಗಿದ್ದಕ್ಕೆ. ಕೊನೆಗೆ ಹಳೇ ಪಂಚೆ ತುಂಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಡಿಸ್ಕ್ ಒರೆಸುತ್ತೇನೆ. ಚೈನಿಗೆ ಎಣ್ಣೆ ಬಿಡುವುದು ಆಮೇಲೆ, ಅದೂ ಹಿಂದಿನ ಡಿಸ್ಕಿಗೆ ಬಟ್ಟೆ ಮುಚ್ಚಿ.

ಟೈಟಾನಿಯಂ ಬೋಲ್ಟ್ ಯಾಕೆ ಹಾಕಿಲ್ಲ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದರು. ಎರಡೂ ರೋಟರಿನ ಹನ್ನೆರಡು ಬೋಲ್ಟ್ ಬದಲಿಸಿದರೂ ಇಳಿಯುವುದು ಹತ್ತು ಗ್ರಾಂ ಆಸುಪಾಸು. ಆ ದುಡ್ಡಿಗೆ ನನಗೆ ಹಲವು ಜೋಡಿ ಪ್ಯಾಡ್ ಬರುತ್ತದೆ. ಅಲ್ಯೂಮಿನಿಯಂ ಬೋಲ್ಟ್ ಅಂತೂ ಬ್ರೇಕ್ ಹತ್ತಿರ ಸುಳಿಯಲೂ ಬಿಡಬೇಡಿ.

ಒಟ್ಟು ಖರ್ಚು 14,000 ಹತ್ತಿರ ಆಯಿತು, ಬಾಗಿದ ರೋಟರ್ ಸೇರಿ. 38,000ದ ಸೈಕಲ್‌ಗೆ ಇದು ಜಾಸ್ತಿಯೇ. ಮೆಟ್ಟಿಲು ಹತ್ತುವಾಗ 190 ಗ್ರಾಂ ಗೊತ್ತಾಗುತ್ತದಾ ಅಂದರೆ, ಇಲ್ಲ. ಬಜೆಟ್ ಕಡಿಮೆ ಇದ್ದರೆ ಔಟರ್ ಮತ್ತು ಒಳ್ಳೆಯ ಪ್ಯಾಡ್ ಹಾಕಿಸಿ, ಹಿಂದಿನ ಅಡಾಪ್ಟರ್ ತೆಗೆಯಲು ಬಂದರೆ 140 ರೋಟರ್ ಹಾಕಿಸಿ. ಕ್ಯಾಲಿಪರ್ ಮುಂದಿನ ಬೋನಸ್‌ಗೆ ಇರಲಿ.

ಒಂದು ಕೊರತೆ ಉಳಿದಿದೆ. ಮಳೆಯಲ್ಲಿ ಮೊದಲ ಒಂದೆರಡು ಸಲ ಹಿಡಿದಾಗ ಕಿರುಚುತ್ತದೆ, ನೀರು ಒರೆಸಿಹೋದ ಮೇಲೆ ಸುಮ್ಮನಾಗುತ್ತದೆ. ಮಣ್ಣುನೀರಿಗೆ ನಾನು ಹಾಕುವ ರೆಸಿನ್ (ರಾಳ ಬೆರೆಸಿ ಮಾಡಿದ) ಪ್ಯಾಡ್ ಬೇಗ ಸವೆಯುತ್ತದೆ ಕೂಡ. ಮೆಟಲ್ ಪ್ಯಾಡ್ ಹಾಕೋಣ ಅಂದರೆ ಆರ್‌ಟಿ56 ರೆಸಿನ್‌ಗೆ ಮಾತ್ರ. ಹಾಗಾಗಿ ಜೂನ್ ಬರುವ ಮೊದಲೇ ಒಂದು ಜೋಡಿ ಪ್ಯಾಡ್ ತಂದು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ.