ಬೂ ಕೂಗಿದ ರಾತ್ರಿಯೇ ಮೇಲು: ಸ್ಟೀವಿ ರೇ ವಾನ್‌ನ ಮಾಂಟ್ರೋ ಲೈವ್

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ. ಅದನ್ನು ನುಡಿಸುತ್ತಿದ್ದ ಟೆಕ್ಸಸ್‌ನ ಗಿಟಾರಿಸ್ಟ್ ಸ್ಟೀವಿ ರೇ ವಾನ್‌ನ ‘ಲೈವ್ ಅಟ್ ಮಾಂಟ್ರೋ 1982 ಆ್ಯಂಡ್ 1985’ ಜೋಡಿ ಸೀಡಿಯನ್ನು ಜನ ಕೇಳುವ ಕ್ರಮವೇ ತಲೆಕೆಳಗು ಎಂಬುದು ನನ್ನ ತಕರಾರು. ಮೊದಲನೆಯದು ಸೋತ ರಾತ್ರಿ, ಎರಡನೆಯದು ಗೆದ್ದ ರಾತ್ರಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೂತಿರುತ್ತಾರೆ. ಹಾಗಾಗಿ 1982ರದನ್ನು ಕಥೆಗೋಸ್ಕರ ಒಮ್ಮೆ ಕೇಳಿ ಎತ್ತಿಟ್ಟು, 1985ರದನ್ನು ಸಂಗೀತಕ್ಕೋಸ್ಕರ ಮತ್ತೆ ಮತ್ತೆ ಹಾಕಿಕೊಳ್ಳುತ್ತಾರೆ. ನನ್ನ ಹತ್ತಿರ ಇರುವ ಪ್ರತಿಯಲ್ಲಿ ಹೆಚ್ಚು ಸವೆದಿರುವುದು ಮೊದಲ ಸೀಡಿಯೇ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ. 1982ರ ಜುಲೈ 17. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯ ಮಾಂಟ್ರೋ ಊರಿನ ಜಾಝ್ ಉತ್ಸವ. ಟೆಕ್ಸಸ್‌ನಿಂದ ಬಂದ ಮೂವರ ತಂಡ, ಹೆಸರು ಡಬಲ್ ಟ್ರಬಲ್. ಗಿಟಾರ್ ಮತ್ತು ಹಾಡುಗಾರಿಕೆ ಸ್ಟೀವಿಯದು, ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ಟಾಮಿ ಶಾನನ್, ಡ್ರಮ್ಸ್ ಕ್ರಿಸ್ ಲೇಟನ್. ಆಗಿನ್ನೂ ಅವರದೊಂದು ಆಲ್ಬಂ ಬಂದಿರಲಿಲ್ಲ, ಯಾವ ರೆಕಾರ್ಡ್ ಕಂಪನಿಯ ಜೊತೆಗೂ ಒಪ್ಪಂದ ಇರಲಿಲ್ಲ. ಅವರ ನುಡಿಸಾಣಿಕೆ ಕೇಳಿ ಮೆಚ್ಚಿದ್ದ ಹೆಸರಾಂತ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಅವರ ಶಿಫಾರಸು ಉತ್ಸವದ ಸ್ಥಾಪಕ ಕ್ಲಾಡ್ ನೋಬ್ಸ್ ಅವರವರೆಗೂ ಹೋಯಿತು, ತಂಡಕ್ಕೆ ವೇದಿಕೆ ಸಿಕ್ಕಿತು. ಆದರೆ ಸಿಕ್ಕ ಸಂಜೆ ಮಾತ್ರ ಎಡವಟ್ಟು. ಅಂದಿನ ಪಟ್ಟಿಯಲ್ಲಿ ಇದ್ದದ್ದು ಬಹುಪಾಲು ಅಕೂಸ್ಟಿಕ್ ಬ್ಲೂಸ್, ಅಂದರೆ ವಿದ್ಯುತ್ತಿನ ಗಿಟಾರ್ ಇಲ್ಲದ್ದು. ಮೆಲುದನಿಯ ಗಿಟಾರಿಗೆ ಕಿವಿ ಹೊಂದಿಸಿಕೊಂಡು ಕೂತಿದ್ದವರ ಮೇಲೆ ಸ್ಟೀವಿಯ ಆಂಪ್ಲಿಫೈಯರ್ ಎರಗಿತು. ಒಂದಷ್ಟು ಮಂದಿ ಹಿಡಿಸದೆ ಬೂ ಎಂದು ಕೂಗಿದರು.

ಆ ಕೂಗು ಸೀಡಿಯಲ್ಲಿ ಹಾಗೇ ಇದೆ. ಅಳಿಸುವುದು ಕಷ್ಟವೇನಲ್ಲ. ಲೈವ್ ಆಲ್ಬಂಗಳಲ್ಲಿ ಚಪ್ಪಾಳೆ ಸೇರಿಸುವ, ತಪ್ಪು ಸ್ವರ ತಿದ್ದುವ ಕೈಚಳಕ ಬಹಳ ಹಳೆಯದು. 2001ರಲ್ಲಿ ಇದನ್ನು ಹೊರತಂದವರು ಕೂಗನ್ನು ಉಳಿಸಿಕೊಂಡಿದ್ದಕ್ಕೇ ಮೊದಲ ಅಂಕ ಕೊಡುತ್ತೇನೆ. ಇಡೀ ಸಭಾಂಗಣ ಅವನ ಮೇಲೆ ಮುಗಿಬಿದ್ದಿತ್ತು ಅಂತ ಕಥೆ ಕಟ್ಟುವವರಿಗೂ ಇದು ಉತ್ತರ. ಚಪ್ಪಾಳೆ, ಸಿಳ್ಳೆ, ಬೂ ಮೂರೂ ಒಟ್ಟಿಗೆ ಕೇಳಿಸುತ್ತವೆ. ವೇದಿಕೆಯ ಮೇಲೆ ನಿಂತವನ ಕಿವಿಗೆ ಇವುಗಳಲ್ಲಿ ಯಾವುದು ಜೋರಾಗಿ ಬಿದ್ದಿರುತ್ತದೆ ಅಂತ ಬೇರೆ ಹೇಳಬೇಕೆ?

ಯುರೋಪಿನ ಬ್ಲೂಸ್ ಪ್ರೇಮಿಗಳ ಈ ಮುನಿಸು ಹೊಸದೂ ಅಲ್ಲ. 1958ರಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಹೋಗಿ ತಮ್ಮ ಶಿಕಾಗೋ ಅಭ್ಯಾಸದಂತೆ ಎಲೆಕ್ಟ್ರಿಕ್ ಗಿಟಾರ್ ಏರಿಸಿ ನುಡಿಸಿದಾಗ ಜಾನಪದ ಬ್ಲೂಸ್ ಬಯಸಿ ಬಂದಿದ್ದವರು ಬೆಚ್ಚಿಬಿದ್ದರು. ಮುಂದಿನ ಸಲ ಅವರು ಪಾಠ ಕಲಿತವರಂತೆ ಅಕೂಸ್ಟಿಕ್ ಗಿಟಾರ್ ಹಿಡಿದು ಹೋದರೆ, ಅಷ್ಟರಲ್ಲಿ ಅಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು. ಕೇಳುಗರ ಬಯಕೆಯ ಹಿಂದೆ ಓಡಿದರೆ ಕಲಾವಿದ ಯಾವಾಗಲೂ ಒಂದು ಪ್ರವಾಸದಷ್ಟು ಹಿಂದೆಯೇ ಉಳಿಯುತ್ತಾನೆ.

ಈಗ ನುಡಿಸಾಣಿಕೆಗೆ ಬರೋಣ. ಶುರು ಬ್ಲೂಸ್ ಗಿಟಾರಿಸ್ಟ್ ಫ್ರೆಡ್ಡಿ ಕಿಂಗ್ ಅವರ ‘ಹೈಡ್ ಅವೇ’. ಮಾತಿಲ್ಲ, ಬರೀ ವಾದ್ಯ. ತಾನು ಎಲ್ಲಿಂದ ಬಂದವನು ಅಂತ ಮೊದಲೇ ಹೇಳಿಬಿಡುವ ಆಯ್ಕೆ ಅದು, ಫ್ರೆಡ್ಡಿ ಕಿಂಗ್ ಕೂಡ ಟೆಕ್ಸಸ್‌ನವರೇ. ಅದರ ಬೆನ್ನಿಗೇ ‘ರೂಡ್ ಮೂಡ್’, ಕೇಳಿದವನ ಮಣಿಕಟ್ಟು ನೋಯುವಷ್ಟು ವೇಗದ ಷಫಲ್, ಅಂದರೆ ಉದ್ದ-ಗಿಡ್ಡ ಹೆಜ್ಜೆಯಿಟ್ಟು ತೂಗುವ ಲಯ. ಗಿಟಾರ್ ಹಿಡಿದವರು ಇಲ್ಲಿ ಬಲಗೈಯನ್ನು ಗಮನಿಸಬೇಕು. ಸ್ಟೀವಿ ಬೇಕಾದ ಒಂದು ತಂತಿಯನ್ನಷ್ಟೇ ಮೀಟುವ ಪೈಕಿ ಅಲ್ಲ. ಬೇಡದ ತಂತಿಗಳನ್ನೆಲ್ಲ ಎಡಗೈಯಲ್ಲಿ, ಕುತ್ತಿಗೆಯ ಮೇಲಿಂದ ಹಾಯಿಸಿದ ಹೆಬ್ಬೆರಳಲ್ಲಿ ಒತ್ತಿ ಮೂಕ ಮಾಡಿ, ಆರೂ ತಂತಿಗಳ ಮೇಲೆ ತೋಳು ಬೀಸುತ್ತಾನೆ. ಹೊರಗೆ ಬರುವುದು ಒಂದೇ ಸ್ವರ, ಆದರೆ ಅದರ ಹಿಂದೆ ಐದು ತಂತಿಗಳ ‘ಚಕ್’ ಎಂಬ ಏಟು ಇರುತ್ತದೆ. ಆ ಸ್ವರಕ್ಕೆ ಅಷ್ಟು ತೂಕ ಎಲ್ಲಿಂದ ಬರುತ್ತದೆ ಅಂತ ನಾನು ವರ್ಷಗಟ್ಟಲೆ ಪೆಡಲ್‌ಗಳಲ್ಲಿ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆಗಳಲ್ಲಿ) ಹುಡುಕುವವರನ್ನು ಕಂಡಿದ್ದೇನೆ. ಪೆಡಲ್ ಇತ್ತು, ಇಲ್ಲ ಅನ್ನುವುದಿಲ್ಲ, ಐಬಾನೆಝ್ ಟ್ಯೂಬ್ ಸ್ಕ್ರೀಮರ್ ಅವನ ಕಾಲ ಬಳಿ ಇರುತ್ತಿತ್ತು. ಆದರೆ ದೊಡ್ಡ ಪಾಲು ಆ ತೋಳಿನದು, ಮತ್ತು ತಂತಿಯದು. ಸಾಮಾನ್ಯ ಗಿಟಾರಿಸ್ಟರು 0.009 ಅಥವಾ 0.010 ಇಂಚಿನ ಮೊದಲ ತಂತಿ ಹಾಕಿದರೆ ಅವನದು 0.013. ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡಿದ್ದರೂ ಅದನ್ನು ಎಳೆದು ಬಗ್ಗಿಸಲು ಹೋದರೆ ಬೆರಳ ತುದಿ ಕಿತ್ತುಬರುತ್ತದೆ. ಅವನದೂ ಬರುತ್ತಿತ್ತು, ಸೂಪರ್ ಗ್ಲೂ ಹಾಕಿ ಅಂಟಿಸಿಕೊಳ್ಳುತ್ತಿದ್ದ.

‘ಪ್ರೈಡ್ ಆ್ಯಂಡ್ ಜಾಯ್’ ಆಗ ಯಾರೂ ಕೇಳಿರದ ಹಾಡು. ಇವತ್ತು ಗಿಟಾರ್ ಕಲಿಯಲು ಕೂತ ಪ್ರತಿಯೊಬ್ಬನೂ ಅದನ್ನೊಮ್ಮೆ ಕೆಡಿಸಿಯೇ ಮುಂದೆ ಹೋಗುತ್ತಾನೆ. ಇಲ್ಲಿ ಅದು ದಾಟಿಹೋಗುತ್ತದೆ, ಅಷ್ಟೇ. ನನ್ನ ಕಿವಿ ನಿಮಿರುವುದು ಅದರ ನಂತರದ ‘ಟೆಕ್ಸಸ್ ಫ್ಲಡ್’ಗೆ.

ಲ್ಯಾರಿ ಡೇವಿಸ್ 1958ರಲ್ಲಿ ಹಾಡಿದ ನಿಧಾನದ ಬ್ಲೂಸ್ ಇದು. ಸ್ಟೀವಿಯ ಸ್ಟುಡಿಯೋ ಆವೃತ್ತಿಗೆ ಹೋಲಿಸಿದರೆ ಮಾಂಟ್ರೋದ್ದು ಹೆಚ್ಚೂಕಮ್ಮಿ ಎರಡರಷ್ಟು ಉದ್ದ. ಉದ್ದ ಅಂದಕೂಡಲೇ ಹೆದರಬೇಕಾದ ವಿಷಯವೇ, ಬ್ಲೂಸ್-ರಾಕ್‌ನಲ್ಲಿ ಹತ್ತು ನಿಮಿಷದ ಸೋಲೋ (ಒಬ್ಬನೇ ಮುಂದಾಗಿ ನುಡಿಸುವ ಭಾಗ) ಅಂದರೆ ಹಲವು ಸಲ ಎರಡು ನಿಮಿಷದ ವಿಚಾರವನ್ನು ಐದು ಸಲ ಹೇಳುವುದು. ಇಲ್ಲಿ ಹಾಗಾಗುವುದಿಲ್ಲ. ಪ್ರತಿ ಹನ್ನೆರಡು ಬಾರ್‌ನ (ತಾಳದ ಆವರ್ತದ) ಸುತ್ತಿನಲ್ಲೂ ಅವನು ಎಲ್ಲೋ ಒಂದು ಕಡೆ ಕೈ ಎತ್ತುತ್ತಾನೆ. ಸ್ವರ ನಿಲ್ಲುತ್ತದೆ, ಲೇಟನ್‌ನ ಸಿಂಬಲ್ ಮಾತ್ರ ಮೂರು ಮೂರಾಗಿ ನಡೆದಿರುತ್ತದೆ, ಕೇಳುಗರ ಗೊಣಗು ಆ ಖಾಲಿ ಜಾಗಕ್ಕೆ ನುಗ್ಗುತ್ತದೆ. ನಿಮ್ಮನ್ನು ಇಷ್ಟಪಡದ ಜನರ ಮುಂದೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಅನ್ನುವುದು ವೇದಿಕೆ ಹತ್ತಿದ ಯಾರಿಗೂ ಗೊತ್ತು. ಹೆದರಿದವನು ಸ್ವರಗಳನ್ನು ತುರುಕುತ್ತಾನೆ. ಸ್ಟೀವಿ ಹೆದರಿರಲಿಲ್ಲ ಅನ್ನಲಾರೆ, ಆದರೆ ತುರುಕುವುದಿಲ್ಲ. ನಿಂತು, ಉಸಿರು ತೆಗೆದುಕೊಂಡು, ಮುಂದಿನ ಸ್ವರವನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತಾನೆ.

‘ಡರ್ಟಿ ಪೂಲ್’ ಕೂಡ ಹಾಗೆಯೇ. ಮೈನರ್ ಎಂಬ ವಿಷಾದದ ಸ್ವರಶ್ರೇಣಿಯಲ್ಲಿರುವ ಕತ್ತಲು ಹಾಡು, ಪಿಕ್ (ತಂತಿ ಮೀಟುವ ಬಿಲ್ಲೆ) ಅನ್ನು ಒಂದೇ ಸಮನೆ ನಡುಗಿಸುತ್ತಾ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಮಳೆಯ ಹಾಗೆ ಸುರಿಸುತ್ತಾನೆ. ಆ ಹೊತ್ತಿಗೆ ಸಭೆ ಒಲಿಯುವ ಲಕ್ಷಣ ಕಾಣದಿದ್ದರೂ ಪಟ್ಟಿಯಲ್ಲಿದ್ದ ನಿಧಾನದ ಹಾಡನ್ನು ಬಿಟ್ಟು ಜನಪ್ರಿಯವಾದದ್ದೊಂದನ್ನು ಎತ್ತಿಕೊಳ್ಳುವುದಿಲ್ಲ. ಹಠಮಾರಿ. ನನಗೆ ಈ ಹಠವೇ ಇಷ್ಟ. ಕೊನೆಯ ಎರಡು, ಅಂದರೆ ಹೌಂಡ್ ಡಾಗ್ ಟೇಲರ್ ಅವರ ‘ಗಿವ್ ಮಿ ಬ್ಯಾಕ್ ಮೈ ವಿಗ್’ ಮತ್ತು ‘ಕಾಲಿನ್ಸ್ ಷಫಲ್’ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಚೆನ್ನಾಗಿವೆ.

ಬೇಸ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಶಾನನ್ ಇದಕ್ಕೆ ಮುಂಚೆ ಗಿಟಾರಿಸ್ಟ್ ಜಾನಿ ವಿಂಟರ್ ಜೊತೆ 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿದವರು. ದೊಡ್ಡ ಸಭೆ, ಜೋರು ಗಿಟಾರ್ ಎರಡೂ ಅವರಿಗೆ ಹೊಸದಲ್ಲ. ಸ್ಟೀವಿ ಸೋಲೋದಲ್ಲಿ ಮುಳುಗಿದಾಗ ತಾಳದ ನೆಲ ಜಾರದಂತೆ ಹಿಡಿದವರು ಅವರೇ. ಮೂವರೇ ಇರುವುದರಿಂದ ಒಬ್ಬ ತಡವರಿಸಿದರೂ ಬೆತ್ತಲಾಗಿ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿ ಒಂದು ಸಲ ಬೇಸ್ ಒಂದನ್ನೇ ಹಿಂಬಾಲಿಸಿ ನೋಡಿ.

ಆಮೇಲಿನದು ಬಹಳ ಜನಕ್ಕೆ ಗೊತ್ತಿರುವುದೇ. ಸಭೆಯಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಇದ್ದರು, ‘ಲೆಟ್ಸ್ ಡಾನ್ಸ್’ ಆಲ್ಬಂಗೆ ಸ್ಟೀವಿಯನ್ನೇ ಕರೆಸಿಕೊಂಡರು. ಸಂಗೀತಗಾರರ ಬಾರ್‌ನಲ್ಲಿ ತಂಡದ ಜೊತೆ ನುಡಿಸಿದ ಗಾಯಕ ಜಾಕ್ಸನ್ ಬ್ರೌನ್ ಲಾಸ್ ಏಂಜಲೀಸ್‌ನ ತಮ್ಮ ಸ್ಟುಡಿಯೋವನ್ನು ಪುಕ್ಕಟೆ ಬಿಟ್ಟುಕೊಟ್ಟರು. ಅದೇ ವರ್ಷದ ನವೆಂಬರ್‌ನಲ್ಲಿ ಕೆಲವೇ ದಿನಗಳಲ್ಲಿ ಧ್ವನಿಮುದ್ರಿಸಿದ್ದು 1983ರಲ್ಲಿ ‘ಟೆಕ್ಸಸ್ ಫ್ಲಡ್’ ಆಲ್ಬಂ ಆಗಿ ಬಂತು. ಇದಕ್ಕಿಂತ ನನಗೆ ಮಜಾ ಅನ್ನಿಸುವುದು ಇನ್ನೊಂದು. ಬೂ ತಿಂದ ಆ ರಾತ್ರಿಯ ‘ಟೆಕ್ಸಸ್ ಫ್ಲಡ್’ ಹಾಡು ‘ಬ್ಲೂಸ್ ಎಕ್ಸ್‌ಪ್ಲೋಷನ್’ ಎಂಬ ಸಂಕಲನದಲ್ಲಿ ಸೇರಿತು, ಆ ಸಂಕಲನಕ್ಕೆ 1985ರಲ್ಲಿ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಬಂತು. ಹೌದು, ಸಾಂಪ್ರದಾಯಿಕ ವಿಭಾಗದಲ್ಲೇ!

ಎರಡನೇ ಸೀಡಿ, 1985ರ ಜುಲೈ 15. ಎರಡು ಆಲ್ಬಂಗಳ ಹೆಸರು ಬೆನ್ನಿಗಿದೆ, ಕೀಬೋರ್ಡ್‌ಗೆ ರೀಸ್ ವೈನನ್ಸ್ ಬಂದಿದ್ದಾರೆ, ಜನ ಮೊದಲ ಸ್ವರಕ್ಕೇ ಸೋತಿದ್ದಾರೆ. ‘ಸ್ಕಟಲ್ ಬಟಿನ್’ನಿಂದ ಶುರುವಾಗುವ ಸದ್ದು ಭರ್ಜರಿ, ಧ್ವನಿಮುದ್ರಣವೂ ತುಂಬಿಕೊಂಡಿದೆ. ಆದರೂ ಕೇಳುತ್ತಾ ಕೇಳುತ್ತಾ ಒಂದು ಕಿರಿಕಿರಿ ಶುರುವಾಗುತ್ತದೆ. 1982ರಲ್ಲಿ ಇದ್ದ ಖಾಲಿ ಜಾಗಗಳನ್ನು ಈಗ ಆರ್ಗನ್ ತುಂಬಿದೆ, ಉಳಿದದ್ದನ್ನು ಸ್ಟೀವಿಯೇ ತುಂಬಿದ್ದಾನೆ. ಏನು ನುಡಿಸಿದರೂ ಹರ್ಷೋದ್ಗಾರ ಬರುವಾಗ ಯಾವುದು ಒಳ್ಳೆಯದು ಅಂತ ಅವನಿಗಾದರೂ ಹೇಗೆ ತಿಳಿಯಬೇಕು? ‘ವೂಡೂ ಚೈಲ್ಡ್’ನಲ್ಲಿ ಅದರ ಮೂಲ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಮೇಲಿನ ಭಕ್ತಿ ಮುಗಿದ ಮೇಲೂ ಹಾಡು ಮುಗಿಯುವುದಿಲ್ಲ. ಮದ್ಯ ಮತ್ತು ಕೊಕೇನ್ ಅವನನ್ನು ಜೋರಾಗಿ ಹಿಡಿದಿದ್ದ ವರ್ಷಗಳು ಅವು, ಮರುವರ್ಷ ಚಿಕಿತ್ಸೆ ಪಡೆದು ಎರಡನ್ನೂ ಬಿಟ್ಟ. ಬೆರಳು ಮಾತ್ರ ಎಲ್ಲೂ ತಪ್ಪುವುದಿಲ್ಲ, ಅದು ಬೇರೆ ಮಾತು.

ಈ ಸೀಡಿಗೆ ಕೊಟ್ಟ ಹಣವನ್ನು ಪೂರ್ತಿ ಹಿಂದಿರುಗಿಸುವ ಹಾಡು ‘ಟಿನ್ ಪ್ಯಾನ್ ಆಲಿ’. ಹ್ಯೂಸ್ಟನ್‌ನಲ್ಲಿ ಬೆಳಗಿದ ಹಿರಿಯ ಗಿಟಾರಿಸ್ಟ್ ಜಾನಿ ಕೋಪ್‌ಲ್ಯಾಂಡ್ ವೇದಿಕೆಗೆ ಬರುತ್ತಾರೆ, ಬಂದಕೂಡಲೇ ಸ್ಟೀವಿ ಬದಲಾಗುತ್ತಾನೆ. ಧ್ವನಿ ತಗ್ಗಿಸುತ್ತಾನೆ, ಹಿಂದೆ ಸರಿದು ಕಾರ್ಡ್ ಹಿಡಿಯುತ್ತಾನೆ, ಹಿರಿಯರು ನಾಲ್ಕು ಸ್ವರ ನುಡಿಸಿದರೆ ಅದಕ್ಕೆ ಮೂರರಲ್ಲಿ ಉತ್ತರ ಕೊಡುತ್ತಾನೆ. ಕೋಪ್‌ಲ್ಯಾಂಡ್ ಅವರ ಗಿಟಾರ್ ಒರಟು, ಮೊಟಕು, ಅವರ ಕೊರಳ ಹಾಗೆಯೇ. ಸಾವಿರಾರು ಜನರ ಮೆಚ್ಚುಗೆ ಮಾಡದ ಕೆಲಸವನ್ನು ಪಕ್ಕದಲ್ಲಿ ನಿಂತ ಒಬ್ಬರ ಕಿವಿ ಮಾಡಿದೆ. ಆ ಸಂಜೆಯಲ್ಲಿ ಅವನು ಎದುರಿಗಿರುವವರನ್ನು ನಿಜವಾಗಿ ಕೇಳಿಸಿಕೊಂಡದ್ದು ಇಲ್ಲಿ ಅಂತ ನನಗನ್ನಿಸುತ್ತದೆ.

ಹಾಗಂತ ಬೂ ಕೂಗಿದರಷ್ಟೇ ಬ್ಲೂಸ್ ಚೆನ್ನಾಗಿ ಬರುತ್ತದೆ ಅಂತ ನಾನು ವಾದಿಸುತ್ತಿಲ್ಲ. ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಅವರ ‘ಲೈವ್ ಅಟ್ ದ ರೀಗಲ್’ ಎದುರಿಗಿದೆಯಲ್ಲ. 1964ರ ನವೆಂಬರ್ 21, ಶಿಕಾಗೋದ ರೀಗಲ್ ಥಿಯೇಟರ್. ಅಲ್ಲಿನ ಹೆಂಗಸರ ಕಿರುಚಾಟ ಗಿಟಾರಿನಷ್ಟೇ ಮುಖ್ಯ. ಆದರೆ ಆ ಸಭೆ ಎಲ್ಲದಕ್ಕೂ ಕಿರುಚುವುದಿಲ್ಲ. ಸರಿಯಾದ ಸಾಲಿಗೆ, ಸರಿಯಾದ ಸ್ವರಕ್ಕೆ ಕಿರುಚುತ್ತದೆ, ಕಿಂಗ್ ಅವರು ಅದಕ್ಕಾಗಿ ಜಾಗ ಬಿಟ್ಟು ಕಾಯುತ್ತಾರೆ. ಆಲ್ಮನ್ ಬ್ರದರ್ಸ್ ಎಂಬ ಅಮೆರಿಕದ ತಂಡ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸಿದ್ದರಲ್ಲೂ ಗಿಟಾರಿಸ್ಟ್ ಡುವೇನ್ ಆಲ್ಮನ್ ಪೂರ್ತಿ ನಿಲ್ಲಿಸಿದ ಒಂದು ಗಳಿಗೆ ಬರುತ್ತದೆ, ರಾತ್ರಿಯೆಲ್ಲ ನುಡಿಸಿ ಅಂತ ಯಾರೋ ಕೂಗುತ್ತಾರೆ. ಐರಿಷ್ ಗಿಟಾರಿಸ್ಟ್ ರೋರಿ ಗ್ಯಾಲಗರ್ 1974ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಹೋದಾಗ ಬಾಂಬುಗಳ ಭಯಕ್ಕೆ ಬೇರೆ ತಂಡಗಳು ಆ ಊರಿನ ಕಡೆ ತಲೆ ಹಾಕುತ್ತಿರಲಿಲ್ಲ. ಆ ಪ್ರವಾಸದ ಆಲ್ಬಂನಲ್ಲಿ ಜನ ಬರೀ ಖುಷಿಗೆ ಕೂಗುತ್ತಿಲ್ಲ ಅನ್ನುವುದು ಕೇಳಿದರೇ ತಿಳಿಯುತ್ತದೆ.

ಸ್ಟೀವಿಯನ್ನು ಮೊದಲ ಸಲ ನೋಡುವವರಿಗೆ ನಾನು ಮಾಂಟ್ರೋ ಕೊಡುವುದಿಲ್ಲ. 1983ರ ಜುಲೈ 20ರಂದು ಟೊರಾಂಟೋದ ಎಲ್ ಮೊಕಾಂಬೋ ಕ್ಲಬ್‌ನಲ್ಲಿ ಚಿತ್ರೀಕರಿಸಿದ ವಿಡಿಯೋ ಕೊಡುತ್ತೇನೆ. ಅದೇ ಮೂವರು, ಸಣ್ಣ ಕ್ಲಬ್, ಕ್ಯಾಮೆರಾ ಮುಖದ ಹತ್ತಿರ, ಬೆನ್ನ ಹಿಂದೆ ಗಿಟಾರ್ ಹಿಡಿದು ನುಡಿಸುವ ಆಟವೂ ಉಂಟು. ಅದು ಹಿಡಿಸಿದ ಮೇಲೆ ಮಾಂಟ್ರೋಗೆ ಬನ್ನಿ.

ಸೀಡಿಯೋ ಡಿವಿಡಿಯೋ ಎಂಬ ಪ್ರಶ್ನೆಗೆ: 2004ರಲ್ಲಿ ಬಂದ ಡಿವಿಡಿ ಸಿಕ್ಕರೆ ಅದನ್ನೇ ಕೊಳ್ಳಿ. 1982ರ ಆ ತೋಳಿನ ಬೀಸು, ಹೆಬ್ಬೆರಳಿನ ಜಾಗ ಕಣ್ಣಿಗೆ ಕಾಣುತ್ತದೆ, ಕಲಿಯುವವರಿಗೆ ಅದೇ ದೊಡ್ಡ ಲಾಭ. ಕೇಳುವುದಷ್ಟೇ ಸಾಕು ಅನ್ನುವವರಿಗೆ ಸೀಡಿ ಧಾರಾಳ. ಎರಡನೇ ಸೀಡಿಯನ್ನು ಮೊದಲಿನಿಂದ ಹಾಕಬೇಡಿ, ನೇರ ‘ಟಿನ್ ಪ್ಯಾನ್ ಆಲಿ’ಗೆ ಹೋಗಿ. ಅಲ್ಲಿಂದ ಮುಂದೆ ‘ಟೆಕ್ಸಸ್ ಫ್ಲಡ್’ ಮತ್ತೊಮ್ಮೆ ಬರುತ್ತದೆ. ಅದನ್ನು ಮೊದಲ ಸೀಡಿಯದರ ಪಕ್ಕದಲ್ಲಿಟ್ಟು ಕೇಳಿ, ನನ್ನ ತಕರಾರು ಸರಿಯೋ ಅಲ್ಲವೋ ನೀವೇ ಹೇಳಿ.