ಹೊಳಪಿಗೆ ಕೊಟ್ಟಿದ್ದು 1,850 ಪೌಂಡು, ಕರಿ ಬಣ್ಣದಡಿ ಕೊಳೆತಿದ್ದು ಸಿಲ್

ನವೆಂಬರ್‌ನ ಒಂದು ಬೆಳಿಗ್ಗೆ ರೌಂಡಬೌಟ್ ಸುತ್ತುವಾಗ ಸೀಟಿನ ಹಿಂದಿನಿಂದ ಗುಳುಗುಳು ಸದ್ದು ಬಂತು. ಅರ್ಧ ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ನಡೆದರೆ ಬರುತ್ತಲ್ಲ, ಥೇಟ್ ಅದೇ. ನೀರಿನ ಬಾಟಲಿ ಉರುಳಿರಬೇಕು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಕಾರಲ್ಲಿ ಬಾಟಲಿಯೇ ಇರಲಿಲ್ಲ. ಅಷ್ಟಕ್ಕೇ ಬಿಟ್ಟೆ. ಅದು ನನ್ನ ಎರಡನೇ ತಪ್ಪು. ಮೊದಲನೆಯದು ಅಕ್ಟೋಬರಿನಲ್ಲೇ ಆಗಿಹೋಗಿತ್ತು.

ಕಾರು 1993ರ ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. 1.6 ಲೀಟರ್ ಎಂಜಿನ್, ಬಟ್ಟೆಯ ಟಾಪು, ಸ್ವಿಚ್ ಒತ್ತಿದರೆ ನಿದ್ದೆಯಿಂದ ಎದ್ದವರ ಹಾಗೆ ಮೇಲೇಳುವ ಹೆಡ್‌ಲೈಟು, ಕೆಂಪು ಬಣ್ಣ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಪುಟ್ಟ ಕಾರು ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಸಾವಿರ ಪೌಂಡಿಗೂ ಸಿಗುತ್ತಿತ್ತು. ಈಗ ಮಾಡರ್ನ್ ಕ್ಲಾಸಿಕ್ ಅನ್ನೋ ಹೆಸರು ಬಂದಿದೆ, ಬೆಲೆಯೂ ಏರಿದೆ. ಹಿರೋಷಿಮಾದ ಮಜ್ದಾ ಕಂಪನಿಯೇ ಜಪಾನಿನಲ್ಲಿ ಇದಕ್ಕೆ ರಿಸ್ಟೋರೇಷನ್ ಸೇವೆ ಶುರು ಮಾಡಿದ ಮೇಲಂತೂ ನನ್ನಂಥವರಿಗೆ ಹುಚ್ಚು ಹೆಚ್ಚಾಯಿತು.

ನನ್ನ ಕಾರಿನ ಬಣ್ಣ ಬಿಸಿಲಿಗೆ ಬೆಳ್ಳಗಾಗಿ, ಬಾನೆಟ್ಟು ಒಗೆದೊಗೆದು ಹಳತಾದ ಕುಂಕುಮ ಬಣ್ಣದ ಸೀರೆಯ ಹಾಗಾಗಿತ್ತು. ಚಳಿಗಾಲಕ್ಕೆ ಮುಂಚೆ ಸರಿ ಮಾಡಿಸೋಣ ಅಂತ ಕಾರಿಗೆ ಹೊಳಪು ಕೊಡುವ ಒಂದು ಡೀಟೇಲಿಂಗ್ ಅಂಗಡಿಗೆ ಕೊಟ್ಟೆ. ನಾಲ್ಕು ದಿನದ ಕೆಲಸ: ಬಣ್ಣವನ್ನು ಮೆಷೀನಿನಿಂದ ಉಜ್ಜಿ ಗೀರು ತೆಗೆಯುವ ಪೇಂಟ್ ಕರೆಕ್ಷನ್, ಅದರ ಮೇಲೆ ಐದು ವರ್ಷ ವಾರಂಟಿಯ ಸೆರಾಮಿಕ್ ಕೋಟಿಂಗ್ ಅನ್ನೋ ರಕ್ಷಣಾ ಲೇಪ, ಜೊತೆಗೆ 'ಅಂಡರ್‌ಬಾಡಿ ಪ್ರೊಟೆಕ್ಷನ್', ಅಂದರೆ ಅಡಿಭಾಗಕ್ಕೆ ತುಕ್ಕು ಹಿಡಿಯದ ಹಾಗೆ ಬಳಿಯುವ ಲೇಪ. ಬ್ಯಾಂಕ್ ಮೂಲಕ ಕಳಿಸಿದರೆ ಐದು ಪರ್ಸೆಂಟ್ ರಿಯಾಯಿತಿ ಅಂದರು. ಕಳಿಸಿದೆ. ಈ ಐದು ಪರ್ಸೆಂಟಿನ ಕಥೆ ಆಮೇಲೆ ಹೇಳುತ್ತೇನೆ.

ತರಲು ಹೋದ ದಿನ, ನಿಜ ಹೇಳಬೇಕೆಂದರೆ, ಕಣ್ಣು ತುಂಬಿ ಬಂತು. ದೀಪದಡಿ ಕಾರು ದಾಳಿಂಬೆ ಕಾಳಿನ ಹಾಗೆ ಹೊಳೀತಿತ್ತು. ಕೆಳಗೆ ಬಗ್ಗಿ ನೋಡಿದರೆ ಎಲ್ಲ ಕಡೆ ಒಂದೇ ಸಮ ಕಪ್ಪು. 'ಫ್ಯಾಕ್ಟರಿಯಿಂದ ಬಂದಿದ್ದಕ್ಕಿಂತ ಚೆನ್ನಾಗಿದೆ' ಅಂದರು. ನಾನೂ ಹೌದು ಅಂದೆ.

ಮಾರ್ಚ್‌ನಲ್ಲಿ ಎಂಒಟಿ ಇತ್ತು. ನಮ್ಮ ಕಡೆ ಟ್ಯಾಕ್ಸಿ, ಲಾರಿಗೆ ಎಫ್‌ಸಿ ಮಾಡಿಸ್ತಾರಲ್ಲ, ಇಲ್ಲಿ ಮೂರು ವರ್ಷ ದಾಟಿದ ಸ್ವಂತ ಕಾರಿಗೂ ಪ್ರತಿ ವರ್ಷ ಅಂಥದ್ದೇ ಪರೀಕ್ಷೆ. ಟೆಸ್ಟರ್ ಕಾರನ್ನು ಮೇಲೆತ್ತಿ, ಕೈಯಲ್ಲಿದ್ದ ಚಿಕ್ಕ ಸಲಕರಣೆಯಿಂದ ಸಿಲ್ (ಬಾಗಿಲ ಕೆಳಗೆ ಚಕ್ರದಿಂದ ಚಕ್ರಕ್ಕೆ ಹೋಗುವ ಟೊಳ್ಳು ಉಕ್ಕಿನ ಪಟ್ಟಿ) ಉದ್ದಕ್ಕೂ ಮೆಲ್ಲಗೆ ಕುಟ್ಟುತ್ತಾ ಬಂದ. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು 'ಥಪ್' ಅಂತಾಯ್ತು. ಇನ್ನೊಮ್ಮೆ ಕುಟ್ಟಿದ. ಕರಿ ಪದರ ಹಪ್ಪಳದ ಹಾಗೆ ಮುರಿದು, ಒಳಗಿಂದ ಕಂದು ನೀರು ಅವನ ತೋಳಿನ ಮೇಲೇ ಸುರಿಯಿತು. ಅವನು ಒಂದು ಮಾತಾಡಲಿಲ್ಲ, ಟವೆಲ್ ತಗೊಂಡು ಒರೆಸಿಕೊಂಡ.

ಸೀಟ್‌ಬೆಲ್ಟ್ ಬಿಗಿದಿರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ಬಲ ಕಳೆದುಕೊಂಡಿದ್ದರೆ ಎಂಒಟಿಯಲ್ಲಿ ಫೇಲ್. ನನ್ನದು ಎರಡೂ ಕಡೆ ಫೇಲ್.

ಆಗಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಅಸಲಿ ವಿಷಯ ಇರೋದೇ ಇಲ್ಲಿ. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆ ಹಿಂಬದಿಯಲ್ಲಿರುವ ಒಂದು ದೋಣಿಗೆ ಇಳಿಯುತ್ತೆ. ಅಲ್ಲಿಂದ ಎರಡೂ ಪಕ್ಕ ಸೀಟಿನ ಹಿಂದೆ ಒಂದೊಂದು ಕೊಳವೆ. ಅದರ ಬಾಯಿ ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂದೆ, ಕಾರಿನ ಅಡಿಯಲ್ಲಿ ತೆರೆದುಕೊಳ್ಳುತ್ತೆ. ನಮ್ಮೂರಿನ ಹೆಂಚಿನ ಮನೆಯ ದೋಣಿ ಪೈಪಿನ ಲೆಕ್ಕಾಚಾರವೇ. ಎಲೆ, ಕಸ ಕಟ್ಟಿಕೊಂಡರೆ ನೀರು ಹೊರಗೆ ಹೋಗುವ ಬದಲು ಸಿಲ್ ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತೆ. ಈ ಕಾರುಗಳು ಸಾಯುವುದೇ ಹೀಗೆ. ಎಂಜಿನ್ ಗಟ್ಟಿಯಾಗೇ ಇರುತ್ತೆ, ಸಿಲ್ ಹೋಗಿರುತ್ತೆ. ಅದರ ಮೇಲೆ ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಬೇರೆ.

ನಮ್ಮ ಅಂಗಡಿಯವರು ಆ ಎರಡೂ ಬಾಯಿಗಳ ಮೇಲೇ ದಪ್ಪಗೆ ಕರಿ ಅಂಡರ್‌ಸೀಲ್ ಹೊಡೆದು ಮುಚ್ಚಿಬಿಟ್ಟಿದ್ದರು. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಇಂಗ್ಲೆಂಡಿನ ಮಳೆಯೆಲ್ಲ ನನ್ನ ಸಿಲ್ ಒಳಗೇ ಇತ್ತು. ನಾನು ಕೇಳಿದ ಬಿಂದಿಗೆ ಸದ್ದು ಅದೇ.

ಪೂರ್ತಿ ತಪ್ಪು ಅವರದಲ್ಲ, ಒಪ್ಪುತ್ತೇನೆ. ತುಕ್ಕು ಮೊದಲೂ ಇತ್ತು. ಇಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಯಾವ ಕಾರಿನ ಹಳೇ ಎಂಒಟಿ ಫಲಿತಾಂಶವಾದರೂ ಪುಕ್ಕಟೆ ಸಿಗುತ್ತೆ. ನನ್ನ ಕಾರಿನದ್ದರಲ್ಲಿ ಸಾಲಾಗಿ ಮೂರು ವರ್ಷ ಎಡಗಡೆ ಸಿಲ್ಲಿಗೆ ತುಕ್ಕಿನ ಸೂಚನೆ ಬರೆದಿದ್ದರು. ಅದನ್ನು ಓದಿಯೂ ಮರೆತು, ಹೊಳಪಿಗೆ ದುಡ್ಡು ಸುರಿದವನು ನಾನೇ. ಹಬ್ಬ ಬಂತು ಅಂತ ಒದ್ದೆ ಗೋಡೆಗೆ ಸುಣ್ಣ ಹೊಡೆದರೆ ಅಪ್ಪ ಬೈಯ್ಯುತ್ತಿದ್ದರು. ಆ ಬೈಗುಳ ಇಲ್ಲಿ ನೆನಪಾಗಬೇಕಿತ್ತು. ಆದರೆ ತುಕ್ಕನ್ನು ಕೆರೆದು ತೆಗೆಯದೆ, ರಂಧ್ರ ಎಲ್ಲಿದೆ ಅಂತ ನೋಡದೆ, ಮೇಲೆ ಟಾರಿನಂಥದ್ದನ್ನು ಬಳಿದು 'ರಕ್ಷಣೆ' ಅಂತ ಬಿಲ್ ಕೊಟ್ಟವರಿಗೆ ಏನನ್ನೋಣ? ಮಾಡಬೇಕಿದ್ದದ್ದು ಹೊರಗೆ ತುಕ್ಕು ತೆಗೆದು ಪ್ರೈಮರ್, ಟೊಳ್ಳಿನ ಒಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ಹೊರಗೂ ಪಾರದರ್ಶಕ ವ್ಯಾಕ್ಸ್ ಆದರೆ ಅಡಿಯಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುತ್ತೆ. ಕರಿ ಬಣ್ಣದಲ್ಲಿ ಏನೂ ಕಾಣಲ್ಲ, ಮಾರುವವರಿಗೆ ಅದು ಇಷ್ಟವಾಗೋದೂ ಅದಕ್ಕೇ.

ಸಿಲ್ ನೋಡಿದ ಮೇಲೆ ಬಣ್ಣದ ಮೇಲೂ ಅನುಮಾನ ಬಂತು. ಆ ಹೊತ್ತಿಗೆ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಬೆರಳುಗುರಿನಷ್ಟಗಲ ಬೂದು ಬಣ್ಣ ಇಣುಕುತ್ತಿತ್ತು. ನಾನು ಕಲ್ಲೇಟು ಅಂದುಕೊಂಡಿದ್ದೆ. ಬೇರೊಬ್ಬ ಡೀಟೇಲರ್ ನೋಡಿ 'ಅದು ಪ್ರೈಮರ್, ಬಣ್ಣ ಉಜ್ಜಿ ಖಾಲಿ ಮಾಡಿದ್ದಾರೆ' ಅಂದ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ತೋರಿಸಿದ: ಬಾಗಿಲಲ್ಲಿ 100 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು, ಬಾನೆಟ್ ಅಂಚಿನಲ್ಲಿ 38. ಬಲ ಹಿಂಬದಿ ಫೆಂಡರಿನಲ್ಲಿ 640, ಅಂದರೆ ಅಡಿಯಲ್ಲಿ ಪುಟ್ಟಿ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಈ ಹಳೇ ಕೆಂಪು ಸಿಂಗಲ್ ಸ್ಟೇಜ್ ಪೇಂಟ್, ಅಂದರೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇಲ್ಲ. ಉಜ್ಜಿದರೆ ಪ್ಯಾಡು ಕೆಂಪಾಗುವುದು ಸಹಜ, ಬರುತ್ತಿರುವುದು ಬಣ್ಣವೇ. ಅಂಗಡಿಯವರು ಕೆಂಪಾದ ಪ್ಯಾಡಿನ ಫೋಟೋ ಕಳಿಸಿ 'ನೋಡಿ ಎಷ್ಟು ಕೊಳೆ ತೆಗೆದ್ವಿ' ಅಂದಿದ್ದರು! ನಾನು ಅದನ್ನು ಹೆಂಡತಿಗೆ ಬೇರೆ ತೋರಿಸಿದ್ದೆ. ಎರಡನೆಯದು, ಈ ಕಾರಿನ ಬಾನೆಟ್ ಅಲ್ಯೂಮಿನಿಯಂ. ಉಕ್ಕಿಗೆ ಮಾತ್ರ ಕೆಲಸ ಮಾಡುವ ಅಗ್ಗದ ಮೀಟರ್ ಅದರ ಮೇಲೆ ಏನನ್ನೂ ಹೇಳುವುದಿಲ್ಲ. ಕೇಳಿದಾಗ ಅವರ ಹತ್ತಿರ ಬಾಗಿಲಿನ ಅಳತೆ ಇತ್ತು, ಬಾನೆಟ್ಟಿನದು ಇರಲಿಲ್ಲ. ಮೀಟರ್ ಓದದ ಜಾಗದಲ್ಲೇ ರೋಟರಿ ಮೆಷೀನ್ ಹಿಡಿದು, ಅಂಚಿಗೆ ಟೇಪ್ ಕೂಡ ಹಾಕದೆ ಉಜ್ಜಿದ್ದರು. ಅಂಚಿನಲ್ಲಿ ಬಣ್ಣ ಮೊದಲೇ ತೆಳು. ಕಳೆದುಹೋದ ಮೈಕ್ರಾನ್ ಯಾವ ಸೆರಾಮಿಕ್ಕೂ ವಾಪಸ್ ತರಲ್ಲ.

ನಿಮ್ಮ ಕಾರು ಕೊಡುವ ಮುಂಚೆ ಪ್ರತಿ ಪ್ಯಾನೆಲ್ಲಿನ ಅಳತೆ ಬರೆದುಕೊಡಿ ಅನ್ನಿ. ಹಿಂಜರಿದರೆ ಕೀ ವಾಪಸ್ ತಗೊಂಡು ಬನ್ನಿ. ಹಳೇ ಬಣ್ಣದಲ್ಲಿ ನಾಲ್ಕು ಗೀರು ಉಳಿದರೆ ಉಳೀಲಿ. ಹಾಗಂತ ತಾವೇ ಹೇಳುವ ಡೀಟೇಲರ್‌ನನ್ನು ಧೈರ್ಯವಾಗಿ ನಂಬಬಹುದು.

ಇನ್ನು ಐದು ಪರ್ಸೆಂಟಿನ ಕಥೆ. ಬ್ರಿಟನ್ನಿನಲ್ಲಿ 100 ಪೌಂಡಿಗಿಂತ ಹೆಚ್ಚು, 30,000 ಪೌಂಡ್‌ವರೆಗಿನ ವಸ್ತು ಅಥವಾ ಸೇವೆಗೆ ಕ್ರೆಡಿಟ್ ಕಾರ್ಡ್ ಬಳಸಿದ್ದರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ ಸೆಕ್ಷನ್ 75ರಡಿ ಕಾರ್ಡ್ ಕಂಪನಿಯೂ ಜವಾಬ್ದಾರಿ. ನಾನು ನೂರು ಪೌಂಡಿನ ಆಸೆಗೆ ಆ ಹಕ್ಕು ಕಳೆದುಕೊಂಡಿದ್ದೆ. ಉಳಿದದ್ದು 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆ: ಸೇವೆಯನ್ನು ತಕ್ಕ ಎಚ್ಚರ, ಕೌಶಲದಿಂದ ಮಾಡಬೇಕು ಅನ್ನುತ್ತೆ. ಫೋಟೋ, ಎಂಒಟಿ ಚೀಟಿ, ಮೀಟರ್ ಅಳತೆ ಸೇರಿಸಿ, ಸಣ್ಣ ಮೊತ್ತದ ದಾವೆಗಳ ಕೋರ್ಟಾದ ಸ್ಮಾಲ್ ಕ್ಲೇಮ್ಸ್‌ಗೆ ಹೋಗುವ ಮುಂಚಿನ ನೋಟಿಸ್ ಕಳಿಸಿದೆ. ಮೂರು ವಾರ ಎಳೆದಾಡಿ 700 ಪೌಂಡ್ ವಾಪಸ್ ಕೊಟ್ಟರು. ವೆಲ್ಡಿಂಗಿಗೆ ಆಗಿದ್ದು ಅದರ ಎರಡರಷ್ಟು. ಹೆಸರು ಹೇಳುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ, ದಯವಿಟ್ಟು ಕೇಳಬೇಡಿ.

ಇಂಥ ಕಾರು ಇರುವವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಟಾಪು ಮಡಚುವ ಮುಂಚೆ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಅದೂ ಚಳಿಯಲ್ಲಿ ಬೇಡ, ಸೀಳುತ್ತೆ. ಆಮೇಲೆ ದೋಣಿಯ ಒಂದೊಂದು ತುದಿಗೂ ಒಂದು ಲೋಟ ನೀರು ನಿಧಾನ ಸುರಿದು ಕೆಳಗೆ ನೋಡಿ. ಬರದಿದ್ದರೆ ಮೆತ್ತನೆಯ ನೈಲಾನ್ ದಾರ ತೂರಿಸಿ ಬಿಡಿಸಿ, ತಂತಿ ಹಾಕಬೇಡಿ, ಕೊಳವೆ ತೂತಾಗುತ್ತೆ. ಬೆಂಗಳೂರಲ್ಲಿ ಮರದ ಕೆಳಗೆ ಸನ್‌ರೂಫ್ ಕಾರು ನಿಲ್ಲಿಸುವವರಿಗೂ ಇದು ಅನ್ವಯಿಸುತ್ತೆ. ಅದರ ಮೂಲೆಗಳಲ್ಲೂ ಇಂಥದ್ದೇ ಕೊಳವೆಗಳಿವೆ.

ನನ್ನದು ಏಪ್ರಿಲ್‌ನಲ್ಲಿ ಪಾಸಾಯಿತು. ವೆಲ್ಡರ್ ಕತ್ತರಿಸಿ ತೆಗೆದ ಸಿಲ್ ತುಂಡನ್ನು ಕೇಳಿ ತಂದೆ. ಒಂದು ಬದಿ ಕರ್ರಗೆ ನುಣ್ಣಗಿದೆ, ಇನ್ನೊಂದು ಬದಿ ಮುಟ್ಟಿದರೆ ಉದುರುತ್ತೆ. ಗ್ಯಾರೇಜಿನ ಶೆಲ್ಫಿನಲ್ಲಿ ವ್ಯಾಕ್ಸ್ ಡಬ್ಬಗಳ ಪಕ್ಕದಲ್ಲೇ ಇಟ್ಟಿದ್ದೇನೆ.